ದಾಳದ ಲೆಕ್ಕ: ಉತ್ತರ ಸರಿ, ದಾರಿ ತಪ್ಪು! ಅವಿಭಾಜ್ಯ ಸಂಖ್ಯೆಯ ಪ್ರಶ್ನೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಎಡವೋದು ಎಲ್ಲಿ?

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಸಂಭವನೀಯತೆ ಅಂದ್ರೆ ಚಿಕ್ಕ ಅಧ್ಯಾಯ. ದೊಡ್ಡ ಪ್ರಮೇಯ ಇಲ್ಲ, ಉದ್ದುದ್ದ ಸೂತ್ರ ಇಲ್ಲ, ರಚನೆ ಮಾಡೋ ಕೆಲಸವೂ ಇಲ್ಲ. ಹಾಗಾಗಿ ಗಣಿತ ಅಂದ್ರೆ ಹೆದರುವ ಮಕ್ಕಳಿಗೂ ಇದು ಅಂಕ ಕೊಡುವ ಅಧ್ಯಾಯ. ಆದ್ರೆ ಸುಲಭ ಅಂದುಕೊಂಡ ಜಾಗದಲ್ಲೇ ಕಾಲು ಜಾರುತ್ತೆ. ಅದರಲ್ಲೂ ದಾಳ ಮತ್ತು ಅವಿಭಾಜ್ಯ ಸಂಖ್ಯೆ ಒಟ್ಟಿಗೆ ಬಂದ ಲೆಕ್ಕದಲ್ಲಿ ಜಾರೋದು ಹೆಚ್ಚು.

ಪ್ರಶ್ನೆ ಹೀಗಿರುತ್ತೆ: ಒಂದು ದಾಳವನ್ನು ಒಮ್ಮೆ ಉರುಳಿಸಿದಾಗ ಅವಿಭಾಜ್ಯ ಸಂಖ್ಯೆ ಬೀಳುವ ಸಂಭವನೀಯತೆ ಎಷ್ಟು?

ಮನೆಯಲ್ಲಿ ಹತ್ತನೇ ಕ್ಲಾಸಿನ ಹುಡುಗನೊಬ್ಬ ಇದನ್ನ ಮಾಡಿ ಅಕ್ಕನಿಗೆ ತೋರಿಸಿದ ಅಂತ ಇಟ್ಟುಕೊಳ್ಳಿ.

"ಅಕ್ಕಾ, ಅರ್ಧ ಬಂತು ನೋಡು. ಪುಸ್ತಕದ ಹಿಂದೆನೂ ಅರ್ಧಾನೇ ಕೊಟ್ಟಿದ್ದಾರೆ."

"ಸರಿ ಕಣೋ. ಯಾವ್ಯಾವ ಸಂಖ್ಯೆ ತಗೊಂಡೆ?"

"1, 3, 5."

"ಮತ್ತೆ 2 ಎಲ್ಲಿ ಹೋಯ್ತು?"

"ಅದು ಸಮಸಂಖ್ಯೆ ಅಲ್ವಾ? ಅವಿಭಾಜ್ಯ ಹೆಂಗಾಗುತ್ತೆ?"

ಹುಡುಗನ ಉತ್ತರ 3/6, ಅಂದ್ರೆ 1/2. ಸರಿಯಾದ ಉತ್ತರವೂ 1/2. ಆದ್ರೆ ಅವನು ಎರಡು ತಪ್ಪು ಮಾಡಿದ್ದಾನೆ. ಸೇರಿಸಬಾರದ 1ನ್ನು ಸೇರಿಸಿದ, ಬಿಡಬಾರದ 2ನ್ನು ಬಿಟ್ಟ. ಒಂದು ಹೆಚ್ಚಾಯ್ತು, ಒಂದು ಕಡಿಮೆಯಾಯ್ತು, ಲೆಕ್ಕ ಸಮ ಆಯ್ತು. ಬರೀ ಉತ್ತರ ನೋಡಿದ ಯಾರಿಗೂ ಇದು ಗೊತ್ತಾಗಲ್ಲ. ಹುಡುಗನಿಗೂ ಗೊತ್ತಾಗಲ್ಲ. ಅದೇ ತಪ್ಪು ತಿಳಿವಳಿಕೆ ಹೊತ್ತುಕೊಂಡು ಪರೀಕ್ಷೆ ಹಾಲ್‌ಗೆ ಹೋಗ್ತಾನೆ. ಅಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ್ರೆ ಅಂಕ ಹೋಯ್ತು.

ಹಾಗಾದ್ರೆ ಈ ಲೆಕ್ಕವನ್ನ ಸರಿಯಾದ ದಾರಿಯಲ್ಲಿ ಮಾಡೋದು ಹೇಗೆ? ಹಂತ ಹಂತವಾಗಿ ನೋಡೋಣ.

ಮೊದಲು ಅವಿಭಾಜ್ಯ ಸಂಖ್ಯೆ ಅಂದ್ರೆ ಏನು?

ಹೊಲದಲ್ಲಿ ಸಸಿ ನೆಡೋದನ್ನ ನೆನಪಿಸಿಕೊಳ್ಳಿ. 6 ಸಸಿ ಇದ್ರೆ ಒಂದೇ ಸಾಲಲ್ಲಿ 6 ನೆಡಬಹುದು, ಇಲ್ಲಾಂದ್ರೆ 2 ಸಾಲು ಮಾಡಿ ಸಾಲಿಗೆ 3ರಂತೆ ನೆಡಬಹುದು. ಆದ್ರೆ 5 ಸಸಿ ಕೊಟ್ಟು ಎಲ್ಲ ಸಾಲಲ್ಲೂ ಸಮನಾಗಿ ನೆಡು ಅಂದ್ರೆ? ಉದ್ದಕ್ಕೆ ಒಂದೇ ಸಾಲು ಹಾಕಬೇಕು. ಬೇರೆ ದಾರಿ ಇಲ್ಲ. 2, 3, 7, 11 ಎಲ್ಲವೂ ಇದೇ ಜಾತಿ. ಇವೇ ಅವಿಭಾಜ್ಯ ಸಂಖ್ಯೆಗಳು.

ಪುಸ್ತಕದ ಭಾಷೆಯಲ್ಲಿ ಹೇಳೋದಾದ್ರೆ, ಯಾವ ಸಂಖ್ಯೆಗೆ ಸರಿಯಾಗಿ ಎರಡೇ ಎರಡು ಅಪವರ್ತನಗಳು ಇರುತ್ತವೋ (1 ಮತ್ತು ಅದೇ ಸಂಖ್ಯೆ) ಅದು ಅವಿಭಾಜ್ಯ ಸಂಖ್ಯೆ. ಎರಡಕ್ಕಿಂತ ಹೆಚ್ಚು ಅಪವರ್ತನ ಇದ್ದರೆ ಸಂಯುಕ್ತ ಸಂಖ್ಯೆ. ಇದನ್ನ ಭಾಜ್ಯ ಸಂಖ್ಯೆ ಅಂತಲೂ ಕರೀತಾರೆ.

"ಎರಡೇ ಎರಡು" ಅನ್ನೋ ಮಾತನ್ನ ಹಿಡಿದುಕೊಂಡು ದಾಳದ ಆರು ಮುಖಗಳನ್ನೂ ನೋಡಿ:

- 1ರ ಅಪವರ್ತನ: 1 ಮಾತ್ರ. ಒಂದೇ ಆಯ್ತು. ಅವಿಭಾಜ್ಯ ಅಲ್ಲ, ಸಂಯುಕ್ತವೂ ಅಲ್ಲ.
- 2ರ ಅಪವರ್ತನ: 1, 2. ಎರಡು. ಅವಿಭಾಜ್ಯ.
- 3ರ ಅಪವರ್ತನ: 1, 3. ಎರಡು. ಅವಿಭಾಜ್ಯ.
- 4ರ ಅಪವರ್ತನ: 1, 2, 4. ಮೂರು. ಸಂಯುಕ್ತ.
- 5ರ ಅಪವರ್ತನ: 1, 5. ಎರಡು. ಅವಿಭಾಜ್ಯ.
- 6ರ ಅಪವರ್ತನ: 1, 2, 3, 6. ನಾಲ್ಕು. ಸಂಯುಕ್ತ.

ಒಟ್ಟು ಫಲಿತಗಳು 6. ಅನುಕೂಲ ಫಲಿತಗಳು 2, 3, 5, ಅಂದ್ರೆ 3. ಸಂಭವನೀಯತೆ 3/6 = 1/2. ಈಗ ಉತ್ತರವೂ ಸರಿ, ದಾರಿಯೂ ಸರಿ.

1ರ ಮೇಲೆ ಯಾಕಿಷ್ಟು ಸಿಟ್ಟು?

"1ನ್ನ 1ರಿಂದ ಭಾಗಿಸಬಹುದು, ಅದೇ ಸಂಖ್ಯೆಯಿಂದಲೂ ಭಾಗಿಸಬಹುದು. ಮತ್ಯಾಕೆ ಅವಿಭಾಜ್ಯ ಅಲ್ಲ?" ಅಂತ ಮಕ್ಕಳು ಕೇಳೋದು ನ್ಯಾಯವಾದ ಪ್ರಶ್ನೆನೇ. ಹಿಂದೆ ಕೆಲವು ಗಣಿತಜ್ಞರೂ 1ನ್ನ ಅವಿಭಾಜ್ಯದ ಪಟ್ಟಿಯಲ್ಲೇ ಇಟ್ಟಿದ್ದರು. ಅಮೆರಿಕದ ಡಿ.ಎನ್. ಲೆಹ್ಮರ್ 1914ರಲ್ಲಿ ಪ್ರಕಟಿಸಿದ ಅವಿಭಾಜ್ಯ ಸಂಖ್ಯೆಗಳ ಪಟ್ಟಿ ಶುರುವಾಗೋದೇ 1ರಿಂದ.

ಆಮೇಲೆ ಹೊರಗೆ ಹಾಕಿದ್ದಕ್ಕೆ ಕಾರಣ ಇದೆ. ಅದು ಹತ್ತನೇ ಕ್ಲಾಸಿನ ಪುಸ್ತಕದ ವಾಸ್ತವ ಸಂಖ್ಯೆಗಳು ಅಧ್ಯಾಯದಲ್ಲೇ ಸಿಗುತ್ತೆ. ಅಂಕಗಣಿತದ ಮೂಲಭೂತ ಪ್ರಮೇಯ ಹೇಳೋದೇನು? ಪ್ರತಿ ಸಂಯುಕ್ತ ಸಂಖ್ಯೆಯನ್ನೂ ಅವಿಭಾಜ್ಯಗಳ ಗುಣಲಬ್ಧವಾಗಿ ಒಂದೇ ರೀತಿಯಲ್ಲಿ ಬರೆಯಬಹುದು. 12 ಅಂದ್ರೆ 2 × 2 × 3, ಅಷ್ಟೇ. 1ನ್ನೂ ಅವಿಭಾಜ್ಯ ಅಂತ ಒಪ್ಪಿಕೊಂಡುಬಿಟ್ರೆ 1 × 2 × 2 × 3, 1 × 1 × 2 × 2 × 3 ಅಂತ ಬರೀತಾ ಹೋಗಬಹುದು, ಮುಗಿಯೋದೇ ಇಲ್ಲ. "ಒಂದೇ ರೀತಿ" ಅನ್ನೋ ಮಾತಿಗೆ ಬೆಲೆ ಇರಲ್ಲ. ಅದಕ್ಕೇ 1ನ್ನ ಬೇರೆ ಕೂರಿಸಿದ್ದಾರೆ.

ಇದರಿಂದ ಇನ್ನೊಂದು ಎಚ್ಚರಿಕೆನೂ ಬರುತ್ತೆ. "ಅವಿಭಾಜ್ಯ ಅಲ್ಲದ ಸಂಖ್ಯೆ" ಅಂತ ಕೇಳೋದೂ "ಸಂಯುಕ್ತ ಸಂಖ್ಯೆ" ಅಂತ ಕೇಳೋದೂ ಒಂದೇ ಅಲ್ಲ. ದಾಳದಲ್ಲಿ ಅವಿಭಾಜ್ಯ ಅಲ್ಲದವು 1, 4, 6. ಅಂದ್ರೆ 3/6. ಸಂಯುಕ್ತ ಅಂದ್ರೆ 4, 6 ಮಾತ್ರ. ಅಂದ್ರೆ 2/6 = 1/3. ಅವಿಭಾಜ್ಯದ 1/2, ಸಂಯುಕ್ತದ 1/3 ಕೂಡಿಸಿ ನೋಡಿ, 5/6 ಬರುತ್ತೆ. ಉಳಿದ 1/6 ಯಾರದ್ದು? ಅದು 1ರ ಪಾಲು. ಪ್ರಶ್ನೆಯಲ್ಲಿ ಯಾವ ಪದ ಬಳಸಿದ್ದಾರೆ ಅಂತ ಎರಡು ಸಲ ಓದಬೇಕು ಅನ್ನೋದು ಇದಕ್ಕೇ.

ಎರಡು ದಾಳ ಬಂದ್ರೆ ಬಣ್ಣ ಬಯಲು

ಈಗ ಪ್ರಶ್ನೆ ತಿರುಗಿಸೋಣ. ಎರಡು ದಾಳಗಳನ್ನು ಒಟ್ಟಿಗೆ ಉರುಳಿಸಿದಾಗ ಬೀಳುವ ಸಂಖ್ಯೆಗಳ ಮೊತ್ತ ಅವಿಭಾಜ್ಯ ಆಗುವ ಸಂಭವನೀಯತೆ ಎಷ್ಟು?

ಬೆಸಸಂಖ್ಯೆನೇ ಅವಿಭಾಜ್ಯ ಅಂದುಕೊಂಡ ನಮ್ಮ ಹುಡುಗ 3, 5, 7, 9, 11 ತಗೋತಾನೆ. ಅವನಿಗೆ 18/36, ಅಂದ್ರೆ ಮತ್ತೆ ಅರ್ಧ ಬರುತ್ತೆ. ಈ ಸಲ ಅದೃಷ್ಟ ಕೈ ಹಿಡಿಯಲ್ಲ. 9 ಅಂದ್ರೆ 3 × 3, ಅವಿಭಾಜ್ಯ ಅಲ್ಲ. 2 ಅವಿಭಾಜ್ಯ, ಅದನ್ನ ಅವನು ಬಿಟ್ಟಿದ್ದಾನೆ. ಉತ್ತರ ತಪ್ಪು.

ಸರಿಯಾದ ದಾರಿ ಇದು. ಎರಡು ದಾಳದಲ್ಲಿ ಒಂದು ಕೆಂಪು, ಇನ್ನೊಂದು ನೀಲಿ ಅಂದುಕೊಳ್ಳಿ. ಕೆಂಪು ದಾಳ 6 ರೀತಿ ಬೀಳಬಹುದು. ಅದರ ಒಂದೊಂದಕ್ಕೂ ನೀಲಿ ದಾಳ 6 ರೀತಿ ಬೀಳಬಹುದು. 6 × 6 = 36. ಇದೇ ಒಟ್ಟು ಫಲಿತಗಳು.

ಇನ್ನು ಯಾವ ಮೊತ್ತ ಎಷ್ಟು ದಾರಿಯಲ್ಲಿ ಬರುತ್ತೆ ಅಂತ ಪಟ್ಟಿ ಮಾಡಿ:

- ಮೊತ್ತ 2: 1 ದಾರಿ
- ಮೊತ್ತ 3: 2 ದಾರಿ
- ಮೊತ್ತ 4: 3 ದಾರಿ
- ಮೊತ್ತ 5: 4 ದಾರಿ
- ಮೊತ್ತ 6: 5 ದಾರಿ
- ಮೊತ್ತ 7: 6 ದಾರಿ
- ಮೊತ್ತ 8: 5 ದಾರಿ
- ಮೊತ್ತ 9: 4 ದಾರಿ
- ಮೊತ್ತ 10: 3 ದಾರಿ
- ಮೊತ್ತ 11: 2 ದಾರಿ
- ಮೊತ್ತ 12: 1 ದಾರಿ

ಮೆಟ್ಟಿಲು ಹತ್ತಿ ಇಳಿದ ಹಾಗಿದೆ. 1ರಿಂದ ಶುರುವಾಗಿ 7ರ ಹತ್ತಿರ 6ಕ್ಕೆ ಏರುತ್ತೆ, ಆಮೇಲೆ ಹಾಗೇ ಇಳಿಯುತ್ತೆ. ಎಲ್ಲ ಕೂಡಿಸಿದ್ರೆ 36 ಬರಲೇಬೇಕು. ಬರಲಿಲ್ಲ ಅಂದ್ರೆ ಎಲ್ಲೋ ತಪ್ಪಾಗಿದೆ ಅಂತಲೇ ಅರ್ಥ.

2ರಿಂದ 12ರ ಒಳಗೆ ಇರೋ ಅವಿಭಾಜ್ಯ ಸಂಖ್ಯೆಗಳು 2, 3, 5, 7, 11. ಅವುಗಳ ದಾರಿಗಳನ್ನ ಕೂಡಿಸಿ: 1 + 2 + 4 + 6 + 2 = 15.

ಸಂಭವನೀಯತೆ 15/36 = 5/12.

(1, 2) ಮತ್ತು (2, 1) ಬೇರೆ ಬೇರೆನಾ?

ಎರಡು ದಾಳದ ಲೆಕ್ಕದಲ್ಲಿ ಇನ್ನೂ ಎರಡು ತಪ್ಪು ಉತ್ತರ ಬರೋದುಂಟು.

ಮೊದಲನೆಯದು 5/11. ಇದು ಎಲ್ಲಿಂದ ಬಂತು? 2ರಿಂದ 12ರವರೆಗೆ 11 ಮೊತ್ತ ಇವೆ, ಅದರಲ್ಲಿ 5 ಅವಿಭಾಜ್ಯ, ಹಾಗಾಗಿ 5/11 ಅನ್ನೋ ಲೆಕ್ಕ. ಎಲ್ಲ ಮೊತ್ತಗಳೂ ಸಮನಾಗಿ ಬರೋದಾಗಿದ್ರೆ ಇದು ಸರಿ. ಆದ್ರೆ 7 ಬರೋಕೆ 6 ದಾರಿ, 12 ಬರೋಕೆ ಒಂದೇ ದಾರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ.

ಎರಡನೆಯದು 8/21. ಇದನ್ನ ಮಾಡೋರು ಸ್ವಲ್ಪ ಜಾಣರು. ಆದ್ರೆ (1, 2) ಮತ್ತು (2, 1) ಎರಡೂ ಒಂದೇ ಅಂದುಕೊಂಡು ಒಂದೇ ಸಲ ಎಣಿಸಿರ್ತಾರೆ. ಹಾಗೆ ಎಣಿಸಿದ್ರೆ 36ರ ಬದಲು 21 ಜೋಡಿ ಸಿಗುತ್ತೆ.

ಇದು ತಪ್ಪು ಯಾಕೆ ಅಂತ ತಿಳಿಯೋಕೆ ಬಣ್ಣದ ದಾಳನೇ ಸಾಕು. ಕೆಂಪಿನಲ್ಲಿ 1, ನೀಲಿಯಲ್ಲಿ 2 ಬೀಳೋದು ಒಂದು ಘಟನೆ. ಕೆಂಪಿನಲ್ಲಿ 2, ನೀಲಿಯಲ್ಲಿ 1 ಬೀಳೋದು ಇನ್ನೊಂದು. ಎರಡೂ ದಾಳಕ್ಕೆ ಒಂದೇ ಬಣ್ಣ ಬಳಿದ ಮಾತ್ರಕ್ಕೆ ಅವು ಬೀಳೋ ರೀತಿ ಬದಲಾಗಲ್ಲ, ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣಲ್ಲ ಅಷ್ಟೇ. ಆದ್ರೆ (1, 1) ಬೀಳೋಕೆ ಒಂದೇ ದಾರಿ. ಎರಡೂ ದಾಳದಲ್ಲಿ 1 ಬೀಳಲೇಬೇಕು.

ಇದರಲ್ಲಿ ಎಡವಿದ ಮಕ್ಕಳು ಬೇಜಾರು ಮಾಡಿಕೊಳ್ಳೋದು ಬೇಡ. ಕಲನಶಾಸ್ತ್ರ ಕಟ್ಟಿದವರಲ್ಲಿ ಒಬ್ಬರಾದ ಜರ್ಮನಿಯ ಲೈಬ್ನಿಟ್ಸ್ (1646–1716) ಅವರೂ ಇದೇ ಜಾಗದಲ್ಲಿ ಎಡವಿದ್ದಾರೆ. ಎರಡು ದಾಳದಲ್ಲಿ 11 ಬೀಳೋದೂ 12 ಬೀಳೋದೂ ಅಷ್ಟೇ ಸುಲಭ ಅಂತ ಅವರು ಬರೆದಿದ್ದರು. 11 ಅಂದ್ರೆ 5 ಮತ್ತು 6, 12 ಅಂದ್ರೆ 6 ಮತ್ತು 6, ಎರಡಕ್ಕೂ ಒಂದೊಂದೇ ದಾರಿ ಅನ್ನೋದು ಅವರ ಲೆಕ್ಕ. ನಿಜಕ್ಕೂ 11ಕ್ಕೆ (5, 6), (6, 5) ಅಂತ ಎರಡು ದಾರಿ ಇದೆ. 12ಕ್ಕಿಂತ 11 ಬೀಳೋ ಸಂಭವ ಎರಡು ಪಟ್ಟು.

ಚೌಕಾಬಾರದ ಕವಡೆ ಹೇಳೋ ಪಾಠ

"ಫಲಿತಗಳೆಲ್ಲ ಸಮನಾಗಿ ಸಂಭವಿಸಬೇಕು" ಅನ್ನೋ ಷರತ್ತು ಪುಸ್ತಕದಲ್ಲಿ ಒಂದು ಸಾಲಲ್ಲಿ ಮುಗಿದುಹೋಗುತ್ತೆ. ಅದರ ಅರ್ಥ ತಿಳಿಯಬೇಕು ಅಂದ್ರೆ ಅಜ್ಜಿ ಹತ್ರ ಕೂತು ಚೌಕಾಬಾರ ಆಡಬೇಕು.

ನಾಲ್ಕು ಕವಡೆ ಹಾಕ್ತಾರೆ. ಎಷ್ಟು ಕವಡೆ ಬಾಯಿ ಮೇಲೆ ಮಾಡಿ ಬಿತ್ತೋ ಅಷ್ಟು ಮನೆ ನಡೆಸೋದು. ನಾಲ್ಕೂ ಬಾಯಿ ಮೇಲಾದ್ರೆ 4. ನಾಲ್ಕೂ ಕವುಚಿ ಬಿದ್ರೆ 8. ಅಂದ್ರೆ ಬೀಳಬಹುದಾದ ಸಂಖ್ಯೆ 1, 2, 3, 4, 8. ಇದರಲ್ಲಿ ಅವಿಭಾಜ್ಯ 2 ಮತ್ತು 3. ಹಾಗಾದ್ರೆ ಸಂಭವನೀಯತೆ 2/5?

ಅಲ್ಲ. ಅಜ್ಜಿಗೆ ಸೂತ್ರ ಗೊತ್ತಿಲ್ಲದಿದ್ರೂ 8 ಬೀಳೋದು ಅಪರೂಪ ಅಂತ ಗೊತ್ತು. 8 ಬಿದ್ದಾಗ ಮನೆಯಲ್ಲಿ ಗಲಾಟೆ ಏಳೋದು ಅದಕ್ಕೇ.

ಒಂದೊಂದು ಕವಡೆನೂ ಬಾಯಿ ಮೇಲೆ ಅಥವಾ ಕೆಳಗೆ ಸಮನಾಗಿ ಬೀಳುತ್ತೆ ಅಂತ ಸದ್ಯಕ್ಕೆ ಇಟ್ಟುಕೊಳ್ಳೋಣ. ಆಗ ಒಟ್ಟು 2 × 2 × 2 × 2 = 16 ಫಲಿತ. ಒಂದು ಮಾತ್ರ ಮೇಲಾಗೋಕೆ 4 ದಾರಿ, ಎರಡು ಮೇಲಾಗೋಕೆ 6 ದಾರಿ, ಮೂರಕ್ಕೆ 4 ದಾರಿ, ನಾಲ್ಕೂ ಮೇಲಾಗೋಕೆ 1, ನಾಲ್ಕೂ ಕವುಚೋಕೆ 1. ಕೂಡಿಸಿದ್ರೆ 16. ಅವಿಭಾಜ್ಯ ಬೀಳೋದಕ್ಕೆ 6 + 4 = 10 ದಾರಿ. ಸಂಭವನೀಯತೆ 10/16 = 5/8. ಅರ್ಧಕ್ಕಿಂತಲೂ ಹೆಚ್ಚು!

ಇಲ್ಲಿ ಇನ್ನೊಂದು ವಿಷಯ ಇದೆ. ಕವಡೆ ನಾಣ್ಯದ ಹಾಗೆ ಚಪ್ಪಟೆ ಇರಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಬಾಯಿ. ಹಾಗಾಗಿ ಎರಡೂ ಕಡೆ ಸಮನಾಗಿ ಬೀಳುತ್ತೆ ಅಂತ ಹೇಳೋಕಾಗಲ್ಲ. ನಿಮ್ಮ ಮನೆಯ ಕವಡೆ ಹೇಗೆ ಬೀಳುತ್ತೆ ಅಂತ ತಿಳೀಬೇಕಂದ್ರೆ ಹಾಕಿ ನೋಡೋದೊಂದೇ ದಾರಿ. 100 ಸಲ ಹಾಕಿ, ಪ್ರತಿ ಸಲ ಬಿದ್ದಿದ್ದನ್ನ ಬರೆದುಕೊಳ್ಳಿ. ಅದರಲ್ಲಿ 2 ಅಥವಾ 3 ಎಷ್ಟು ಸಲ ಬಿತ್ತು ಅಂತ ಎಣಿಸಿ 100ರಿಂದ ಭಾಗಿಸಿ. ಇದೇ ಪ್ರಾಯೋಗಿಕ ಸಂಭವನೀಯತೆ. ದಾಳದ ಆರೂ ಮುಖ ಒಂದೇ ಅಳತೆ ಇರೋದ್ರಿಂದ ಅಲ್ಲಿ ಉರುಳಿಸದೇ ಲೆಕ್ಕ ಹಾಕ್ತೀವಿ. ಅದು ಸೈದ್ಧಾಂತಿಕ ಸಂಭವನೀಯತೆ.

ಜಾತ್ರೆಯಲ್ಲಿ ದುಡ್ಡು ಹೋಗೋದೂ ಇದೇ ಲೆಕ್ಕದಲ್ಲಿ

ಈ ಲೆಕ್ಕ ಪರೀಕ್ಷೆಗೆ ಮಾತ್ರ ಅಂದುಕೊಂಡ್ರೆ ತಪ್ಪು. ಸಂಭವನೀಯತೆ ಗಣಿತ ಹುಟ್ಟಿದ್ದೇ ಜೂಜಿನ ಮೇಜಿನ ಮೇಲೆ. 1654ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಮತ್ತು ಫರ್ಮಾ ಜೂಜಿನ ಪ್ರಶ್ನೆಗಳ ಬಗ್ಗೆ ಬರೆದುಕೊಂಡ ಪತ್ರಗಳಿಂದಲೇ ಇದಕ್ಕೊಂದು ಗಟ್ಟಿ ಬುನಾದಿ ಸಿಕ್ಕಿತು.

"ಸೆವೆನ್ ಅಪ್, ಸೆವೆನ್ ಡೌನ್" ಆಟ ಕೇಳಿರಬಹುದು. ಎರಡು ದಾಳ ಡಬ್ಬಿಯಲ್ಲಿ ಕುಲುಕಿ ಉರುಳಿಸ್ತಾರೆ. ಮೊತ್ತ 7ಕ್ಕಿಂತ ಕಡಿಮೆ, ಸರಿಯಾಗಿ 7, 7ಕ್ಕಿಂತ ಹೆಚ್ಚು ಅಂತ ಮೂರು ಮನೆ. ಕಡಿಮೆ ಅಥವಾ ಹೆಚ್ಚಿನ ಮೇಲೆ 10 ರೂಪಾಯಿ ಕಟ್ಟಿ ಗೆದ್ರೆ 20 ಕೈಗೆ. 7ರ ಮೇಲೆ ಕಟ್ಟಿ ಗೆದ್ರೆ 30 ಕೈಗೆ ಅಂತ ಇಟ್ಟುಕೊಳ್ಳೋಣ. ಕೇಳೋಕೆ ನ್ಯಾಯವಾಗೇ ಇದೆ.

ಮೇಲಿನ ಮೆಟ್ಟಿಲು ಪಟ್ಟಿ ತೆಗೆದು ನೋಡಿ. 7ಕ್ಕಿಂತ ಕಡಿಮೆ ಬರೋಕೆ 1 + 2 + 3 + 4 + 5 = 15 ದಾರಿ. ಹೆಚ್ಚು ಬರೋಕೂ 15. ಸರಿಯಾಗಿ 7 ಬರೋಕೆ 6.

"ಕಡಿಮೆ" ಮೇಲೆ 36 ಸಲ ಹತ್ತತ್ತು ರೂಪಾಯಿ ಕಟ್ಟಿದ್ರೆ, ಸರಾಸರಿ 15 ಸಲ ಗೆಲುವು, ಅಂದ್ರೆ 150 ರೂಪಾಯಿ ಬಂತು. 21 ಸಲ ಸೋಲು, 210 ರೂಪಾಯಿ ಹೋಯ್ತು. ಕೊನೆಗೆ 60 ರೂಪಾಯಿ ಕೈ ಬಿಡ್ತು. ಕಟ್ಟಿದ್ದು ಒಟ್ಟು 360. ಅದರ ಆರನೇ ಒಂದು ಪಾಲು ಆಟ ಆಡಿಸೋನ ಜೇಬಿಗೆ. 7ರ ಮೇಲೆ ಕಟ್ಟಿದವನ ಗತಿ ಇನ್ನೂ ಕಷ್ಟ. 6 ಸಲ ಗೆದ್ದು 120 ಲಾಭ, 30 ಸಲ ಸೋತು 300 ನಷ್ಟ. 180 ರೂಪಾಯಿ ಹೋಯ್ತು. ಕಟ್ಟಿದ್ದರಲ್ಲಿ ಅರ್ಧ!

ದಾಳದಲ್ಲಿ ಮೋಸ ಇಲ್ಲದಿದ್ರೂ ಇಷ್ಟು ಹೋಗುತ್ತೆ ಅನ್ನೋದು ಗಮನಿಸಬೇಕಾದ ವಿಷಯ. ಕೈಚಳಕ ಬೇಕಾಗೇ ಇಲ್ಲ, ಲೆಕ್ಕವೇ ಆಡಿಸೋನ ಪರ ಇದೆ. ಇದೇ ಆಟದಲ್ಲಿ "ಮೊತ್ತ ಅವಿಭಾಜ್ಯ ಬಿದ್ರೆ ಡಬಲ್" ಅಂತ ಮನೆ ಮಾಡಿದ್ರೂ ಅಷ್ಟೇ. ಅದಕ್ಕೂ 36ರಲ್ಲಿ 15 ದಾರಿ ಅಂತ ಆಗಲೇ ನೋಡಿದೆವು. ನಷ್ಟ ಅದೇ 60 ರೂಪಾಯಿ.

"ಐದು ಸಲದಿಂದ ಬಿದ್ದಿಲ್ಲ, ಈ ಸಲ ಬಿದ್ದೇ ಬೀಳುತ್ತೆ" ಅನ್ನೋ ಮಾತು ಇನ್ನೊಂದು ಬಲೆ. ಒಂದು ದಾಳ ಉರುಳಿಸಿ ಐದು ಸಲವೂ ಅವಿಭಾಜ್ಯ ಬೀಳದೇ ಇರೋ ಸಂಭವ 1/32. ಅಪರೂಪ, ನಿಜ. ಆದ್ರೆ ಐದು ಸಲ ಬೀಳದೇ ಹೋದ ಮೇಲೆ ಆರನೇ ಸಲ ಅವಿಭಾಜ್ಯ ಬೀಳೋ ಸಂಭವ ಎಷ್ಟು? ಮತ್ತದೇ 1/2. ಹಿಂದೆ ಏನು ಬಿತ್ತು ಅಂತ ದಾಳಕ್ಕೆ ನೆನಪಿರಲ್ಲ. ನೆನಪಿರೋದು ಸೋತವನಿಗೆ ಮಾತ್ರ.

ಸಾರ್ವಜನಿಕ ಜಾಗದಲ್ಲಿ ದುಡ್ಡು ಕಟ್ಟಿ ಇಂಥ ಅದೃಷ್ಟದ ಆಟ ಆಡೋದೂ ಆಡಿಸೋದೂ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ ಅಪರಾಧ ಅನ್ನೋದನ್ನೂ ಮರೀಬೇಡಿ.

ಪ್ರಶ್ನೆ ಹೇಗೆಲ್ಲ ತಿರುಗಬಹುದು?

ಎರಡು ದಾಳ ಮತ್ತು ಅವಿಭಾಜ್ಯ ಸಂಖ್ಯೆ ಇಟ್ಟುಕೊಂಡು ಹಲವು ರೀತಿಯಲ್ಲಿ ಕೇಳಬಹುದು. ಮೂರನ್ನ ಇಲ್ಲಿ ನೋಡೋಣ.

*ಎರಡೂ ದಾಳದಲ್ಲಿ ಅವಿಭಾಜ್ಯ ಬೀಳುವ ಸಂಭವನೀಯತೆ:* ಕೆಂಪಿನಲ್ಲಿ 2, 3, 5 ಅಂತ 3 ದಾರಿ, ನೀಲಿಯಲ್ಲೂ 3 ದಾರಿ. 3 × 3 = 9. ಉತ್ತರ 9/36 = 1/4.

*ಕನಿಷ್ಠ ಒಂದು ದಾಳದಲ್ಲಾದರೂ ಅವಿಭಾಜ್ಯ ಬೀಳುವ ಸಂಭವನೀಯತೆ:* "ಕನಿಷ್ಠ ಒಂದು" ಅಂತ ಕಂಡ ಕೂಡಲೇ ಉಲ್ಟಾ ಯೋಚನೆ ಮಾಡಿ. ಒಂದರಲ್ಲೂ ಬೀಳದೇ ಇರೋದು ಎಷ್ಟು? ಎರಡೂ 1, 4, 6ರಲ್ಲೇ ಬೀಳಬೇಕು. 3 × 3 = 9. ಅಂದ್ರೆ 9/36. ಇದನ್ನ 1ರಿಂದ ಕಳೆದರೆ 27/36 = 3/4. ಇದೇ ಪೂರಕ ಘಟನೆಯ ಉಪಯೋಗ. 27 ಜೋಡಿ ಬರೆಯೋ ಬದಲು 9 ಬರೆದು ಕಳೆದ್ರೆ ಆಯ್ತು, ಸಮಯ ಉಳೀತು.

*ಗುಣಲಬ್ಧ ಅವಿಭಾಜ್ಯ ಆಗುವ ಸಂಭವನೀಯತೆ:* ಎರಡು ಸಂಖ್ಯೆ ಗುಣಿಸಿ ಅವಿಭಾಜ್ಯ ಬರಬೇಕಂದ್ರೆ ಒಂದು 1 ಆಗಿರಲೇಬೇಕು, ಇನ್ನೊಂದು ಅವಿಭಾಜ್ಯ ಆಗಿರಬೇಕು. (1, 2), (1, 3), (1, 5), (2, 1), (3, 1), (5, 1). ಒಟ್ಟು 6. ಉತ್ತರ 6/36 = 1/6. ಅವಿಭಾಜ್ಯ ಅಲ್ಲ ಅಂತ ಹೊರಗೆ ಹಾಕಿದ 1 ಇಲ್ಲದೇ ಈ ಲೆಕ್ಕ ಆಗೋದೇ ಇಲ್ಲ ನೋಡಿ.

ಉತ್ತರ ಪತ್ರಿಕೆಯಲ್ಲಿ ಹೀಗೆ ಬರೆಯಿರಿ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಲಿಖಿತ ಪರೀಕ್ಷೆಯಲ್ಲಿ ಬರೀ "1/2" ಅಂತ ಗೀಚಿ ಬರೋದಕ್ಕಿಂತ ಹಂತ ಬರೆಯೋದು ಯಾವತ್ತೂ ಕ್ಷೇಮ.

1. ಒಟ್ಟು ಫಲಿತಗಳನ್ನು ಮೊದಲು ಬರೆಯಿರಿ. ಒಂದು ದಾಳಕ್ಕೆ 6, ಎರಡು ದಾಳಕ್ಕೆ 36.
2. ಅನುಕೂಲ ಫಲಿತಗಳನ್ನು ಒಂದೊಂದಾಗಿ ಪಟ್ಟಿ ಮಾಡಿ. ಎಷ್ಟು ಅಂತ ಮಾತ್ರ ಬರೆದು ಬಿಡಬೇಡಿ, ಯಾವುವು ಅಂತಲೂ ಬರೆಯಿರಿ.
3. ಪಟ್ಟಿಯಲ್ಲಿ 1 ಸೇರಿದೆಯಾ, 2 ಬಿಟ್ಟುಹೋಗಿದೆಯಾ, 9 ನುಸುಳಿದೆಯಾ ಅಂತ ಒಮ್ಮೆ ಕಣ್ಣಾಡಿಸಿ.
4. ಸೂತ್ರ ಬರೆಯಿರಿ: ಸಂಭವನೀಯತೆ = ಅನುಕೂಲ ಫಲಿತಗಳ ಸಂಖ್ಯೆ ÷ ಒಟ್ಟು ಫಲಿತಗಳ ಸಂಖ್ಯೆ.
5. ಭಿನ್ನರಾಶಿಯನ್ನ ಸಂಕ್ಷೇಪಿಸಿ. ಉತ್ತರ 0ಗಿಂತ ಕಡಿಮೆ ಅಥವಾ 1ಕ್ಕಿಂತ ಹೆಚ್ಚು ಬಂದ್ರೆ ತಪ್ಪಾಗಿದೆ ಅಂತ ಖಾತ್ರಿ.

ಎರಡನೇ ಹಂತವೇ ಮುಖ್ಯ. ನಮ್ಮ ಹುಡುಗ "1, 3, 5" ಅಂತ ಕಾಗದದ ಮೇಲೆ ಬರೆದಿದ್ದರೆ ಟೀಚರ್ ಅವತ್ತೇ ಹಿಡಿದು ತಿದ್ದುತ್ತಿದ್ದರು. ತಲೆಯಲ್ಲೇ ಎಣಿಸಿ ಉತ್ತರ ಮಾತ್ರ ಬರೆದಿದ್ದಕ್ಕೆ ತಪ್ಪು ಬಚ್ಚಿಟ್ಟುಕೊಂಡು ಕೂತಿತು. ಶಿಕ್ಷಕರು, ಟ್ಯೂಷನ್ ಹೇಳೋರು, ಮನೆಯಲ್ಲಿ ಓದಿಸೋ ಅಕ್ಕ ಅಣ್ಣಂದಿರು ಕೂಡ ಉತ್ತರ ಸರಿ ಬಂದಾಗ "ಯಾವ್ಯಾವ ಸಂಖ್ಯೆ ತಗೊಂಡೆ?" ಅಂತ ಒಂದು ಮಾತು ಕೇಳೋದು ಒಳ್ಳೇದು.

ಅಭ್ಯಾಸಕ್ಕೆ ನಾಲ್ಕು ಲೆಕ್ಕ

ಉತ್ತರ ನೋಡೋ ಮೊದಲು ಪೆನ್ನು ಕಾಗದ ಹಿಡಿದು ಮಾಡಿ.

1. 1ರಿಂದ 20ರವರೆಗೆ ಸಂಖ್ಯೆ ಬರೆದ ಕಾರ್ಡುಗಳಿವೆ. ಒಂದನ್ನು ಯಾದೃಚ್ಛಿಕವಾಗಿ ತೆಗೆದರೆ ಅದು ಅವಿಭಾಜ್ಯ ಆಗುವ ಸಂಭವನೀಯತೆ ಎಷ್ಟು?
2. ಎರಡು ದಾಳ ಉರುಳಿಸಿದಾಗ ಬಿದ್ದ ಸಂಖ್ಯೆಗಳ ವ್ಯತ್ಯಾಸ (ದೊಡ್ಡದರಿಂದ ಚಿಕ್ಕದು ಕಳೆದಾಗ) ಅವಿಭಾಜ್ಯ ಆಗುವ ಸಂಭವನೀಯತೆ ಎಷ್ಟು?
3. ಎರಡೂ ದಾಳದಲ್ಲಿ ಅವಿಭಾಜ್ಯ ಬಿದ್ದು, ಅವುಗಳ ಮೊತ್ತವೂ ಅವಿಭಾಜ್ಯ ಆಗುವ ಸಂಭವನೀಯತೆ ಎಷ್ಟು?
4. ಕೆಂಪು ದಾಳದ ಸಂಖ್ಯೆಯನ್ನು ಹತ್ತರ ಸ್ಥಾನದಲ್ಲೂ ನೀಲಿಯದ್ದನ್ನು ಬಿಡಿ ಸ್ಥಾನದಲ್ಲೂ ಇಟ್ಟು ಎರಡಂಕಿ ಸಂಖ್ಯೆ ಮಾಡಿದರೆ ಅದು ಅವಿಭಾಜ್ಯ ಆಗುವ ಸಂಭವನೀಯತೆ ಎಷ್ಟು?

ಉತ್ತರಗಳು

1. ಅವಿಭಾಜ್ಯಗಳು 2, 3, 5, 7, 11, 13, 17, 19. ಒಟ್ಟು 8. ಉತ್ತರ 8/20 = 2/5. ಬೆಸಸಂಖ್ಯೆ ಎಲ್ಲ ಅವಿಭಾಜ್ಯ ಅಂದುಕೊಂಡವರಿಗೆ 1/2 ಬಂದಿರುತ್ತೆ.
2. ವ್ಯತ್ಯಾಸ 2 ಬರೋಕೆ 8 ದಾರಿ, 3 ಬರೋಕೆ 6, 5 ಬರೋಕೆ 2. ಒಟ್ಟು 16. ಉತ್ತರ 16/36 = 4/9.
3. (2, 3), (3, 2), (2, 5), (5, 2) ಮಾತ್ರ. ಉತ್ತರ 4/36 = 1/9. ಎರಡೂ ಬೆಸ ಬಿದ್ರೆ ಮೊತ್ತ 6, 8 ಅಥವಾ 10 ಆಗಿ ಸಮಸಂಖ್ಯೆ ಬರುತ್ತೆ. ಎರಡೂ 2 ಬಿದ್ರೆ ಮೊತ್ತ 4. ಹಾಗಾಗಿ ಒಂದೇ ಒಂದು ದಾಳದಲ್ಲಿ 2 ಬೀಳಬೇಕು.
4. 11, 13, 23, 31, 41, 43, 53, 61. ಒಟ್ಟು 8. ಉತ್ತರ 8/36 = 2/9. 21 ಮತ್ತು 51 ಸೇರಿಸಿದ್ದರೆ ತೆಗೆದುಬಿಡಿ. 21 ಅಂದ್ರೆ 3 × 7, 51 ಅಂದ್ರೆ 3 × 17.

ನಾಲ್ಕೂ ಸರಿ ಬಂತಾ? ಬಂದಿದ್ರೆ ಒಳ್ಳೇದು. ಆದ್ರೂ ಉತ್ತರದ ಜೊತೆ ನೀವು ಮಾಡಿದ ಪಟ್ಟಿಯನ್ನೂ ಇಲ್ಲಿರೋ ಪಟ್ಟಿಗೆ ಹೋಲಿಸಿ ನೋಡಿ.